ಗಮ್ ಸಮೇತ ಇರುವ ಹಳೆಯ ಬೇಸ್‌ಬಾಲ್ ಕಾರ್ಡ್ ಪ್ಯಾಕ್: ಒಡೆಯುವುದೋ, ಇಡುವುದೋ, ಮಾರುವುದೋ? ಅನುಭವ ಇದ್ದವರು ಹೇಳಿ

ಎಡಿಸನ್ ಶಿವಮೊಗ್ಗ:
ಎಲ್ಲರಿಗೂ ನಮಸ್ಕಾರ. ನ್ಯೂಜೆರ್ಸಿಯಲ್ಲಿ ಈಚೆಗೆ ಮನೆ ಕೊಂಡೆವು. ಮಾರಿದ ಹಿರಿಯರು ನೆಲಮಾಳಿಗೆಯ ಕಪಾಟಿನಲ್ಲಿದ್ದ, ಆಟಗಾರರ ಚಿತ್ರವಿರುವ ಬೇಸ್‌ಬಾಲ್ ಕಾರ್ಡುಗಳನ್ನು ನಮ್ಮ ಮಗನಿಗಿರಲಿ ಎಂದು ಬಿಟ್ಟುಹೋಗಿದ್ದಾರೆ. ಟಾಪ್ಸ್ ಕಂಪನಿಯ 1987ರ ತೆರೆಯದ ಡಬ್ಬಿ ಒಂದು, ಒಳಗೆ 36 ಪ್ಯಾಕ್. ಬಿಡಿಯಾಗಿ 1980ರ ಟಾಪ್ಸ್ ವ್ಯಾಕ್ಸ್ ಪ್ಯಾಕ್ (ಮೇಣದ ಕಾಗದ ಸುತ್ತಿದ್ದು) ಐದು. ಎಲ್ಲದರಲ್ಲೂ ಆಗ ಕಾರ್ಡಿನ ಜೊತೆ ಕೊಡುತ್ತಿದ್ದ ಬಬಲ್‌ಗಮ್ ಇದೆ. 1980ರ ಪ್ಯಾಕ್‌ಗಳನ್ನು ಬೆರಳಿನಿಂದ ಮೆಲ್ಲಗೆ ಒತ್ತಿದರೆ ಒಳಗಿನ ಗಮ್ ಪಟ್ಟಿ ತುಂಡಾಗಿರುವುದು ತಿಳಿಯುತ್ತದೆ. ಮಗನಿಗೆ ಒಂಬತ್ತು ವರ್ಷ, ಅವನ ಕಣ್ಣೆಲ್ಲ ಗಮ್ ಮೇಲೆ. ಮನೆಯವರು ಮಾರಿಬಿಡಿ ಎನ್ನುತ್ತಾರೆ. 1980ರ ಪ್ಯಾಕ್‌ನಲ್ಲಿ ರಿಕಿ ಹೆಂಡರ್ಸನ್ ಎಂಬ ಆಟಗಾರನ ರೂಕಿ ಕಾರ್ಡ್ (ಮೊದಲ ಕಾರ್ಡ್) ಸಿಗಬಹುದು ಎಂದು ಕಚೇರಿಯ ಗೆಳೆಯರೊಬ್ಬರು ಆಸೆ ಹುಟ್ಟಿಸಿದ್ದಾರೆ. ಗಮ್ ಒಳಗೇ ಇದ್ದರೆ ಕಾರ್ಡು ಇನ್ನಷ್ಟು ಹಾಳಾಗುತ್ತದೆಯೇ? ಒಡೆಯದೆ ಮಾರಿದರೆ ಲಾಭವೇ? ಮಗ ಆ ಗಮ್ ಬಾಯಿಗೆ ಹಾಕಿದರೆ ಏನಾಗುತ್ತದೆ? ದಯವಿಟ್ಟು ತಿಳಿಸಿ.

ಸನ್ನಿವೇಲ್ ಶಾನುಭೋಗ:
ಮುಟ್ಟಬೇಡಿ. ಒತ್ತಿ ನೋಡುವುದನ್ನೂ ನಿಲ್ಲಿಸಿ.

ನನ್ನ ಕಥೆ ಕೇಳಿ. 2021ರಲ್ಲಿ ಜನರೆಲ್ಲ ಮನೆಯಲ್ಲಿ ಕುಳಿತು ಕಾರ್ಡಿನ ಹುಚ್ಚು ಹಿಡಿಸಿಕೊಂಡಿದ್ದಾಗ ನಾನೂ 1980ರ ಟಾಪ್ಸ್ ಪ್ಯಾಕ್ ಮೂರು ಕೊಂಡೆ. ತಲಾ 95 ಡಾಲರ್, ಒಟ್ಟು 285. ಮಾರಾಟ ತೆರಿಗೆ 26. ಅಂಚೆ 14.50. ಅಲ್ಲಿಗೆ 325.50. ಬಂದದ್ದು ಅಸಲಿಯೋ ಎಂದು ಪರೀಕ್ಷಿಸಿ ಪ್ರಮಾಣೀಕರಿಸುವವರಿಗೆ ಕಳುಹಿಸಿದೆ. ಅವರ ಶುಲ್ಕ 36, ಹೋಗಿಬರುವ ವಿಮೆ ಸಹಿತ ಅಂಚೆ 41.20. ಒಟ್ಟು 402 ಡಾಲರ್ 70 ಸೆಂಟ್. ಎಲ್ಲ ರಸೀದಿಗಳೂ ನನ್ನ ಬಳಿ ಇವೆ.

ಮೂರರಲ್ಲಿ ಎರಡು ತಿರಸ್ಕೃತ! ಯಾರೋ ಮೊದಲೇ ಬಿಡಿಸಿ, ಒಳ್ಳೆಯ ಕಾರ್ಡ್ ಎತ್ತಿಕೊಂಡು, ಸಾಧಾರಣದವನ್ನು ತುಂಬಿ, ಮತ್ತೆ ಅಂಟಿಸಿದ್ದರು. ಪತ್ತೆಯಾದದ್ದು ಗಮ್‌ನಿಂದ. ಗಮ್ ಪಟ್ಟಿಗೆ ಸವರಿದ ಸಕ್ಕರೆ ಪುಡಿ ವರ್ಷಾನುಗಟ್ಟಲೆ ಒಂದೇ ಕಡೆ ಒತ್ತಿಕೊಂಡು ಮೇಣದ ಕಾಗದದ ಒಳಮೈಯಲ್ಲಿ ಆಯತಾಕಾರದ ಮಸುಕು ಗುರುತು ಬಿಟ್ಟಿರುತ್ತದೆ. ನನ್ನ ಪ್ಯಾಕ್‌ಗಳಲ್ಲಿ ಗುರುತು ಎಡಕ್ಕೆ, ಗಮ್ ಬಲಕ್ಕೆ. ಹಿಂಬದಿಯ ಮಡಿಕೆಯಲ್ಲಿ ಮೇಣ ಎರಡನೆಯ ಬಾರಿ ಕರಗಿ ಅಗಲವಾಗಿ ಹರಡಿತ್ತು. ಇಸ್ತ್ರಿಪೆಟ್ಟಿಗೆಯ ಕೆಲಸ.

ಪರೀಕ್ಷೆಯ ಫಲಿತಾಂಶ ಬರುವ ಹೊತ್ತಿಗೆ ವಾಪಸಾತಿಯ ಗಡುವು ಮುಗಿದಿತ್ತು. ಮಾರಿದವನು ಈಗಲೂ ಅದೇ ಹೆಸರಿನಲ್ಲಿ ಅದೇ ವ್ಯಾಪಾರ ಮಾಡುತ್ತಿದ್ದಾನೆ, ಅವನಿಗೆ ನೂರಕ್ಕೆ ನೂರು ಮೆಚ್ಚುಗೆ ಅಂಕಗಳಿವೆ. ನೆನೆದರೆ ಹೊಟ್ಟೆ ಉರಿಯುತ್ತದೆ. ಉಳಿದ ಒಂದು ಪ್ಯಾಕ್ ಅಸಲಿ. ಅದನ್ನು ಗಾಳಿಯಾಡದ ಪೆಟ್ಟಿಗೆಯಲ್ಲಿ ತೇವ ಹೀರುವ ಚೀಲದ ಜೊತೆ ಇಟ್ಟಿದ್ದೇನೆ. ಚೀಲ ಬದಲಿಸಬೇಕು, ಅದಕ್ಕೂ ಖರ್ಚಿದೆ. ಆದರೆ ತೆರೆಯದ ಪ್ಯಾಕ್ ಒಂದೇ ನಿಜವಾದ ಆಸ್ತಿ, ಒಡೆದ ಗಳಿಗೆಯಲ್ಲಿ ಅದು ಕಾಗದ.

ನೇಪರ್‌ವಿಲ್ ಅಮ್ಮ:
ಶಾನುಭೋಗರೇ, ಒಡೆಯದಿದ್ದರೂ ಅದು ಕಾಗದವೇ, ಹೊರಗೆ ಇನ್ನೊಂದು ಕಾಗದ ಸುತ್ತಿದೆ ಅಷ್ಟೆ.

ನಾವು ಒಡೆದೆವು. ರೋಸ್‌ಮಾಂಟ್‌ನಲ್ಲಿ ನಡೆಯುವ ಕಾರ್ಡ್ ಪ್ರದರ್ಶನದಲ್ಲಿ 1988ರ ಟಾಪ್ಸ್ ಡಬ್ಬಿಯನ್ನು 30 ಡಾಲರ್‌ಗೆ ತಂದು ದೊಡ್ಡವನ ಹುಟ್ಟುಹಬ್ಬಕ್ಕೆ ಬಂದ ಹುಡುಗರ ನಡುವೆ ಇಟ್ಟೆ. ಒಬ್ಬರ ಕೈಯಲ್ಲೂ ಫೋನ್ ಇರಲಿಲ್ಲ. ಒಡೆದ ಪ್ಯಾಕ್‌ನಿಂದ ಮೇಲೆದ್ದ ಆ ಸಿಹಿ ವಾಸನೆ ಊಟದ ಕೋಣೆಯಲ್ಲಿ ಮರುದಿನವೂ ಇತ್ತು. ಗಮ್ ಗುಲಾಬಿ ಬಣ್ಣ ಬಿಟ್ಟು ಬಿಳಿಚಿಕೊಂಡಿತ್ತು, ಮುಟ್ಟಿದರೆ ಚೂರು. ಕೆಲವು ಚೂರುಗಳ ಅಂಚು ಎಷ್ಟು ಚೂಪಾಗಿತ್ತೆಂದರೆ ಪಕ್ಕದ ಕಾರ್ಡಿನ ಮೇಲೆ ತಗ್ಗು ಬಿದ್ದಿತ್ತು.

ಇನ್ನು ತಿನ್ನುವ ವಿಚಾರ. ಚಿಕ್ಕವನು ನಾನು ನೋಡುವ ಮೊದಲೇ ಬಾಯಿಗೆ ಹಾಕಿಕೊಂಡ. ಅದು ಮೆದುವಾಗಲಿಲ್ಲ, ಒಂದುಗೂಡಲೂ ಇಲ್ಲ, ಪುಡಿಪುಡಿಯಾಗಿ ಬಾಯಿ ತುಂಬಿಕೊಂಡಿತು. ಅವನ ಹಲ್ಲಿಗೆ ತಂತಿ ಹಾಕಿಸಿದ್ದೆವು. ಗಟ್ಟಿ ಚೂರು ಕಚ್ಚಿದ ಹೊಡೆತಕ್ಕೆ ಒಂದು ಬ್ರಾಕೆಟ್ ಕಳಚಿತು. ಅಂಟಿಸಲು 85 ಡಾಲರ್. ದಂತ ವಿಮೆಯವರು ಕೊಡಲಿಲ್ಲ. ಅರ್ಜಿಯ ಜೊತೆ ಕಾರಣ ಬರೆಯಿರಿ ಎಂದರು. "1988ರ ಬಬಲ್‌ಗಮ್" ಎಂದು ಬರೆದೆ. ತಿರಸ್ಕರಿಸಿದ ಪತ್ರ ಸರಕ್ಕನೆ ಬಂತು.

30ಕ್ಕೆ 85 ಸೇರಿಸಿ, 115 ಆಯಿತು. ಮತ್ತೊಮ್ಮೆ ಕೇಳಿದರೂ ಅದನ್ನೇ ಮಾಡುತ್ತೇನೆ. ಚಿಕ್ಕವನು ಭಿನ್ನರಾಶಿ ಕಲಿತದ್ದು ಕಾರ್ಡಿನ ಹಿಂಬದಿಯ ಬ್ಯಾಟಿಂಗ್ ಸರಾಸರಿಯಿಂದ, ಶಾಲೆಯಿಂದಲ್ಲ. ತೇವ ಹೀರುವ ಚೀಲ ಬದಲಿಸುತ್ತ ಕೂರುವುದಕ್ಕಿಂತ ಇದು ಮೇಲು.

ಡೆಟ್ರಾಯಿಟ್ ದಾವಣಗೆರೆ:
ಇಬ್ಬರೂ ಮುಖ್ಯ ವಿಷಯವನ್ನೇ ಬಿಟ್ಟಿದ್ದೀರಿ: ಗಮ್ ಕಲೆ.

ನಾನು ಒಡೆದದ್ದು 1978ರ ಟಾಪ್ಸ್. 707ನೇ ಕಾರ್ಡ್ ಬೇಕಿತ್ತು, ರೂಕಿ ಶಾರ್ಟ್‌ಸ್ಟಾಪ್‌ಗಳ (ಅದು ಮೈದಾನದ ಒಂದು ಸ್ಥಾನ) ಕಾರ್ಡ್. ಅದರಲ್ಲಿ ನಮ್ಮ ಊರಿನ ತಂಡ ಟೈಗರ್ಸ್‌ನ ಅಲನ್ ಟ್ರ್ಯಾಮೆಲ್ ಇದ್ದಾರೆ, ಪಾಲ್ ಮಾಲಿಟರ್ ಕೂಡ ಇದ್ದಾರೆ, ಇಬ್ಬರೂ ಮುಂದೆ ಬೇಸ್‌ಬಾಲ್‌ನ ದೊಡ್ಡ ಗೌರವವಾದ ಹಾಲ್ ಆಫ್ ಫೇಮ್ ಸೇರಿದವರು. ಪ್ಯಾಕ್‌ಗೆ 120 ಡಾಲರ್ ಕೊಟ್ಟೆ. ನಂಬುತ್ತೀರೋ ಇಲ್ಲವೋ, ಕಾರ್ಡ್ ಸಿಕ್ಕಿತು. ಎಲ್ಲಿ? ಕಟ್ಟಿನ ಕೊನೆಯಲ್ಲಿ, ಗಮ್‌ಗೆ ಮೈ ತಾಗಿಸಿಕೊಂಡು! ಮೂಲೆಗಳು ಬ್ಲೇಡಿನಷ್ಟು ಚೂಪು, ಚಿತ್ರ ನಟ್ಟನಡುವೆ, ಹಿಂಬದಿಯಲ್ಲಿ ಮಾತ್ರ ಗಮ್ ಪಟ್ಟಿಯ ಅಳತೆಯ ಕಂದು ಕಲೆ.

ಕಾರ್ಡಿನ ಸ್ಥಿತಿ ನೋಡಿ ಹತ್ತರಲ್ಲಿ ಅಂಕ ಕೊಡುವ ಗ್ರೇಡಿಂಗ್‌ಗೆ ಕಳುಹಿಸಿದೆ. ಸದಸ್ಯತ್ವ 99, ಶುಲ್ಕ 50, ವಿಮೆ ಸಹಿತ ಅಂಚೆ 28.35. ಪ್ಯಾಕ್ ಸೇರಿ 297.35. ತಿಂಗಳುಗಟ್ಟಲೆ "ಸಾಲಿನಲ್ಲಿದೆ" ಎಂಬ ಒಂದೇ ಉತ್ತರ. ಕೊನೆಗೆ ಬಂತು: 8, ಪಕ್ಕದಲ್ಲಿ ಕಲೆಯ ಗುರುತು. ಮಾರುಕಟ್ಟೆಯಲ್ಲಿ ಕಲೆಯ ಗುರುತಿರುವ 8ಕ್ಕೆ 6ರ ಬೆಲೆಯೂ ಕಷ್ಟ. ಕಾರ್ಡ್ ಹೊರಟದ್ದು ಟಾಪ್ಸ್‌ನ ಸ್ವಂತ ಕಾರ್ಖಾನೆಯಿಂದ, ಕಲೆ ಮಾಡಿದ್ದು ಟಾಪ್ಸ್‌ನ ಸ್ವಂತ ಗಮ್. ಶಿಕ್ಷೆ ಮಾತ್ರ ನನಗೆ!

ಆಮೇಲೆ ಕಲೆ ತೆಗೆಯುವುದನ್ನು ಕಲಿತೆ. ಮೇಣದ ಕಲೆ ಸುಲಭ, ನುಣುಪಾದ ಮುಂಬದಿಗೆ ಹೆಂಗಸರ ನೈಲಾನ್ ಕಾಲುಚೀಲದಿಂದ ಹಗುರವಾಗಿ ಉಜ್ಜಿದರೆ ಸಾಕು. ಹಿಂಬದಿ ಒರಟು ಕಾಗದ, ಮೇಣ ಒಳಕ್ಕೆ ಇಳಿದಿದ್ದರೆ ನ್ಯಾಫ್ತಾ ಎಂಬ ದ್ರಾವಕ ಬೇಕು. ಗಮ್ ಕಲೆ ಎಲ್ಲಕ್ಕಿಂತ ಹಟಮಾರಿ, ಸಕ್ಕರೆಯೂ ಎಣ್ಣೆಯಂಶವೂ ಬೆರೆತಿರುತ್ತವೆ. ಎಡಿಸನ್‌ನವರು ಬೇಕಾದರೆ ಕೇಳಲಿ, ವಿವರವಾಗಿ ಹೇಳುತ್ತೇನೆ.

ಫಿಲಡೆಲ್ಫಿಯಾ ಹಿರಿಯ:
ದಾವಣಗೆರೆಯವರು ಹೇಳುತ್ತಿರುವುದಕ್ಕೆ ನಮ್ಮ ಕಾಲದಲ್ಲಿ ಮೋಸ ಎನ್ನುತ್ತಿದ್ದರು. ರಾಸಾಯನಿಕ ಹಾಕಿ ತೊಳೆದ ಕಾರ್ಡನ್ನು ತೊಳೆದದ್ದೆಂದು ಹೇಳದೆ ಮಾರಿದರೆ ಅದು ಶಾನುಭೋಗರಿಗೆ ಪ್ಯಾಕ್ ಮಾರಿದವನ ಕೆಲಸಕ್ಕಿಂತ ಹೇಗೆ ಬೇರೆ?

ನಾನು ಈ ದೇಶಕ್ಕೆ ಬಂದದ್ದು 1974ರಲ್ಲಿ. 1981ರ ಬೇಸಿಗೆಯಲ್ಲಿ ಅಂಗಡಿಗೆ ಹೋದರೆ ಟಾಪ್ಸ್, ಫ್ಲೀರ್, ಡಾನ್ರಸ್ ಮೂರೂ ಕಂಪನಿಗಳ ಕಾರ್ಡುಗಳು ಗಮ್ ಸಮೇತ ಸಿಗುತ್ತಿದ್ದವು. ಆ ಒಂದೇ ವರ್ಷ! ಅದು ಹೇಗೆ ಎಂಬುದು ಇಲ್ಲಿ ಎಷ್ಟು ಜನರಿಗೆ ಗೊತ್ತು? ಆಟಗಾರರೊಂದಿಗೆ ಟಾಪ್ಸ್ ಮಾಡಿಕೊಂಡಿದ್ದ ಒಪ್ಪಂದ ಏಕಸ್ವಾಮ್ಯ ಎಂದು ನಮ್ಮ ಊರಿನ ಫ್ಲೀರ್ 1975ರಲ್ಲಿ ಮೊಕದ್ದಮೆ ಹೂಡಿತು. 1980ರಲ್ಲಿ ಗೆದ್ದಿತು. ಸಿಕ್ಕ ಪರಿಹಾರ ಒಂದು ಡಾಲರ್, ಕಾನೂನಿನಂತೆ ಮೂರು ಪಟ್ಟು ಮಾಡಿ ಮೂರು ಡಾಲರ್. 1981ರ ಆಗಸ್ಟ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನೂ ತಿರುಗಿಸಿತು. ಕಾರ್ಡನ್ನು ಹಾಗೆಯೇ ಅಥವಾ ಮಿಠಾಯಿಯ ಜೊತೆ ಮಾರುವ ಹಕ್ಕು ಮತ್ತೆ ಟಾಪ್ಸ್‌ಗೆ. ಉಳಿದಿಬ್ಬರು ಬೇರೆ ದಾರಿ ಹುಡುಕಿದರು. 1982ರಿಂದ ಗಮ್ ಬದಲು ಫ್ಲೀರ್ ಪ್ಯಾಕ್‌ನಲ್ಲಿ ತಂಡಗಳ ಲಾಂಛನದ ಸ್ಟಿಕರ್, ಡಾನ್ರಸ್ ಪ್ಯಾಕ್‌ನಲ್ಲಿ ಬೇಬ್ ರೂತ್ ಚಿತ್ರದ ಜೋಡಣೆ ತುಂಡುಗಳು.

ನನ್ನ ಮಗಳು ಮತ್ತು ನಾನು ಆ ವರ್ಷದ ಮೂರೂ ಸೆಟ್ ಪೂರ್ತಿ ಮಾಡಿದೆವು. ಟಾಪ್ಸ್ 726, ಫ್ಲೀರ್ 660, ಡಾನ್ರಸ್ 605. ಗ್ರೇಗ್ ನೆಟಲ್ಸ್ ಹೆಸರನ್ನು "ಕ್ರೇಗ್" ಎಂದು ಅಚ್ಚು ಮಾಡಿದ ಫ್ಲೀರ್ ಕಾರ್ಡೂ ಇದೆ. ಗಮ್ ಕಲೆ ಇರುವ ಕಾರ್ಡುಗಳನ್ನು ಬೇರೆಯೇ ಇಟ್ಟಿದ್ದೇನೆ, ಅವೇ ನನಗೆ ಹೆಚ್ಚು ಪ್ರಿಯ. ಯಾವ ಗ್ರೇಡಿಂಗ್‌ಗೂ ಒಂದು ಸೆಂಟ್ ಕೊಟ್ಟಿಲ್ಲ.

ಡೆಟ್ರಾಯಿಟ್ ದಾವಣಗೆರೆ:
ಹಿರಿಯರೇ, ಮಾತು ಅಳೆದು ಆಡಿ. ಹೊರಗಿನಿಂದ ಅಂಟಿದ್ದನ್ನು ತೆಗೆಯುವುದು ಮೋಸವಾದರೆ ಧೂಳು ಒರೆಸುವುದೂ ಮೋಸವೇ? ಸಕ್ಕರೆ ಯಾವಾಗಿನಿಂದ ಮುದ್ರಣದ ಭಾಗವಾಯಿತು? ಅಂಚು ಕತ್ತರಿಸುವುದು ಮೋಸ, ಬಣ್ಣ ತುಂಬುವುದು ಮೋಸ. ಲೋಕದ ಅತಿ ಹೆಸರಾದ ಹೋನಸ್ ವ್ಯಾಗ್ನರ್ ಕಾರ್ಡಿನ ಅಂಚನ್ನೇ ಕತ್ತರಿಸಿದ್ದೆಂದು ಅದನ್ನು ಮಾರಿದ್ದ ಬಿಲ್ ಮ್ಯಾಸ್ಟ್ರೊ 2013ರಲ್ಲಿ ನ್ಯಾಯಾಲಯದ ಮುಂದೆ ಒಪ್ಪಿಕೊಂಡರು. ಅದಕ್ಕೆ 8 ಕೊಟ್ಟಿದ್ದರು! ನನ್ನ ಸಕ್ಕರೆ ಕಲೆಗೆ ಮಾತ್ರ ನಿಮ್ಮೆಲ್ಲರ ಕಣ್ಣು ಕೆಂಪು.

ಮತ್ತೊಂದು. ಆ ಒಪ್ಪಂದಗಳ ಬಗ್ಗೆ ನೀವು ಹೇಳದೆ ಬಿಟ್ಟದ್ದನ್ನು ನಾನು ಹೇಳುತ್ತೇನೆ, ಏಕೆಂದರೆ ನಮ್ಮ ಡೆಟ್ರಾಯಿಟ್ ಕಾರ್ಮಿಕ ಸಂಘಗಳ ಊರು. ಟಾಪ್ಸ್ ಆಟಗಾರನೊಬ್ಬನಿಗೆ ವರ್ಷಕ್ಕೆ ಕೊಡುತ್ತಿದ್ದದ್ದು 125 ಡಾಲರ್. ಉಕ್ಕು ಕಾರ್ಮಿಕರ ಸಂಘದಿಂದ ಬಂದು ಆಟಗಾರರ ಸಂಘದ ಮುಖ್ಯಸ್ಥರಾದ ಮಾರ್ವಿನ್ ಮಿಲ್ಲರ್ 1968ರಲ್ಲಿ ಅದನ್ನು 250ಕ್ಕೆ ಏರಿಸಿ, ಮಾರಾಟದಲ್ಲಿ ಪಾಲನ್ನೂ ಪಡೆದರು. ಫ್ಲೀರ್ ಆಟಗಾರರ ಮೇಲಿನ ಪ್ರೀತಿಯಿಂದ ನ್ಯಾಯಾಲಯಕ್ಕೆ ಹೋಯಿತು ಎಂಬಂತೆ ಬರೆದು ನಮ್ಮ ಕಿವಿಯ ಮೇಲೆ ಹೂ ಇಡಬೇಡಿ.

ಎಡಿಸನ್ ಶಿವಮೊಗ್ಗ:
ಎಲ್ಲರಿಗೂ ಧನ್ಯವಾದ, ಬಹಳ ವಿಷಯ ತಿಳಿಯಿತು. 1980ರ ಐದು ಪ್ಯಾಕ್‌ಗಳ ಬಗ್ಗೆ ಯಾರಾದರೂ ಹೇಳುತ್ತೀರಾ?

ಟೊರಾಂಟೊ ತಿಪಟೂರು:
ಟಾಪ್ಸ್, ಫ್ಲೀರ್ ಎಂದು ಅಮೆರಿಕದವರು ನಿಮ್ಮ ನಿಮ್ಮಲ್ಲೇ ಕಿತ್ತಾಡುತ್ತಿದ್ದೀರಿ. ಓ-ಪೀ-ಚೀ ಎಂಬುದು ಒಂದಿದೆ ಎಂದು ಯಾರಿಗೂ ನೆನಪಾಗಲಿಲ್ಲವೇ? ಒಂಟಾರಿಯೊದ ಲಂಡನ್ ನಗರದ ಗಮ್ ಕಂಪನಿ, 1911ರಲ್ಲಿ ಶುರುವಾದದ್ದು. ಟಾಪ್ಸ್ ಹುಟ್ಟಿದ್ದು 1938ರಲ್ಲಿ, ಲೆಕ್ಕ ಹಾಕಿಕೊಳ್ಳಿ. ಟಾಪ್ಸ್‌ನಿಂದ ಪರವಾನಗಿ ಪಡೆದು ಅದೇ ಚಿತ್ರಗಳನ್ನು ಇಂಗ್ಲಿಷ್ ಮತ್ತು ಫ್ರೆಂಚ್ ಎರಡರಲ್ಲೂ ಅಚ್ಚು ಹಾಕುತ್ತಿದ್ದರು. ಸಂಖ್ಯೆ ಕಡಿಮೆ, ಹಾಗಾಗಿ ಅಪರೂಪ.

ನನ್ನದು 1980ರ ಓ-ಪೀ-ಚೀ ಬೇಸ್‌ಬಾಲ್. ಓಹಿಯೋದ ಒಬ್ಬರಿಂದ ತರಿಸಿದೆ. ಕೆನಡಾದಲ್ಲಿ ತಯಾರಾದದ್ದು ಅಮೆರಿಕಕ್ಕೆ ಹೋಗಿ ಮತ್ತೆ ಕೆನಡಾಕ್ಕೆ ಬರಲು ನಾನು ತೆತ್ತದ್ದು ನೋಡಿ: ಸರಕು 210 ಅಮೆರಿಕನ್ ಡಾಲರ್, ಬ್ಯಾಂಕಿನವರು ವಿನಿಮಯದಲ್ಲಿ ಕಿತ್ತದ್ದು ಬೇರೆ, ಗಡಿಯಲ್ಲಿ ಶೇಕಡಾ 13ರ ತೆರಿಗೆ, ಅದರ ಮೇಲೆ ಕೊರಿಯರ್‌ನವರ "ನಿರ್ವಹಣಾ ಶುಲ್ಕ". ಏನು ನಿರ್ವಹಿಸಿದಿರಿ ಎಂದು ಕೇಳಿದರೆ ಉತ್ತರವಿಲ್ಲ. ಪ್ಯಾಕ್ ಒಡೆದಾಗ ಕಾರ್ಡುಗಳ ಅಂಚು ತರಿತರಿ. ಅದು ದೋಷವಲ್ಲ! ಓ-ಪೀ-ಚೀ ಹಾಳೆಗಳನ್ನು ತಂತಿಯಿಂದ ಕತ್ತರಿಸುತ್ತಿದ್ದರು, ಒರಟು ಅಂಚೇ ಅದರ ಅಸಲಿತನ. ಅಂಚು ನುಣುಪಾಗಿದ್ದರೆ ಯಾರೋ ಕತ್ತರಿ ಆಡಿಸಿದ್ದಾರೆಂದು ತಿಳಿಯಿರಿ.

ಬೇಸ್‌ಬಾಲ್ ಬಿಡಿ, 1979ರ ಓ-ಪೀ-ಚೀ ಐಸ್ ಹಾಕಿಯ 18ನೇ ಕಾರ್ಡ್ ವೇಯ್ನ್ ಗ್ರೆಟ್ಸ್ಕಿ. ಟಾಪ್ಸ್‌ನ ಗ್ರೆಟ್ಸ್ಕಿಗೂ ನಮ್ಮ ಗ್ರೆಟ್ಸ್ಕಿಗೂ ಬೆಲೆಯಲ್ಲಿ ಎಷ್ಟು ಅಂತರ ಎಂದು ಒಮ್ಮೆ ನೋಡಿ ಬಂದು ಮಾತಾಡಿ.

ಫಿಲಡೆಲ್ಫಿಯಾ ಹಿರಿಯ:
ಹಳೆಯದು ಯಾವುದು ಎಂದು ಪಂದ್ಯ ಕಟ್ಟುವುದಾದರೆ, ಫ್ಲೀರ್ 1885ರದ್ದು. ಬಬಲ್‌ಗಮ್ ಹುಟ್ಟಿದ್ದೇ ಅಲ್ಲಿ. 1928ರಲ್ಲಿ ವಾಲ್ಟರ್ ಡೀಮರ್ ಎಂಬ ಲೆಕ್ಕಪತ್ರದ ಗುಮಾಸ್ತ ಕೈಗೆ ಸಿಕ್ಕ ಗುಲಾಬಿ ಬಣ್ಣ ಬೆರೆಸಿದ್ದರಿಂದ ಇವತ್ತಿಗೂ ಜಗತ್ತಿನ ಬಬಲ್‌ಗಮ್ ಗುಲಾಬಿ. ಡೀಮರ್ ರಸಾಯನಶಾಸ್ತ್ರಜ್ಞನೂ ಅಲ್ಲ, ನ್ಯಾಫ್ತಾ ಬಳಸಿದವನೂ ಅಲ್ಲ.

ಟಾಪ್ಸ್‌ನ ಗಮ್ ಹಕ್ಕಿಗೆ ಅಡ್ಡ ಬರಬಾರದೆಂದು ಫ್ಲೀರ್ 1963ರಲ್ಲಿ ಕಾರ್ಡಿನ ಜೊತೆ ಬಿಸ್ಕತ್ತು ಇಟ್ಟು ಮಾರಿತು. ಸಕ್ಕರೆ ತೀರ ಕಡಿಮೆ ಹಾಕಿದ ಬಿಸ್ಕತ್ತು, ಮಿಠಾಯಿ ಎನ್ನಿಸಿಕೊಳ್ಳಬಾರದಲ್ಲ! ಅದಕ್ಕೂ ಟಾಪ್ಸ್ ತಕರಾರು ತೆಗೆಯಿತು. ಆ ಸೆಟ್‌ನಲ್ಲಿ ಸ್ಯಾಂಡಿ ಕೂಫ್ಯಾಕ್ಸ್ ಇದ್ದಾರೆ. ನನ್ನ ಬಳಿ ಇದೆ. ಅದಕ್ಕೆ ಎಣ್ಣೆ ಕಲೆ ಇದೆ. ಹಾಗೇ ಇರುತ್ತದೆ.

ಬಸವನಗುಡಿಗೆ ವಾಪಸ್:
ನೀವೆಲ್ಲ ತಣ್ಣಗಿನ, ಒಣಗಿದ ದೇಶದಲ್ಲಿ ಕುಳಿತು ಕಲೆಯ ಬಗ್ಗೆ ಅಳುತ್ತಿದ್ದೀರಿ. ಗಮ್ ಇರುವ ಪ್ಯಾಕ್‌ಗಳನ್ನು ಬೆಂಗಳೂರಿಗೆ ತಂದವನ ಪಾಡು ಕೇಳಿ.

ನ್ಯೂಜೆರ್ಸಿ ಬಿಟ್ಟು ಬರುವಾಗ ಸಾಮಾನಿನ ಜೊತೆ 1986ರಿಂದ 1991ರವರೆಗಿನ ಟಾಪ್ಸ್ ಡಬ್ಬಿಗಳು ಬಂದವು. ಹಡಗಿನ ಕಂಟೇನರ್‌ನಲ್ಲಿ ನನ್ನ ಪಾಲಿನ ಜಾಗಕ್ಕೆ ಹಣ ಕೊಟ್ಟದ್ದು ಘನ ಅಡಿಯ ಲೆಕ್ಕದಲ್ಲಿ, ಅದರಲ್ಲಿ ಕಾರ್ಡುಗಳ ಪಾಲು ನನ್ನ ಅಂದಾಜಿನಲ್ಲಿ 22,000 ರೂಪಾಯಿ. ಬಂದರಿನ ಅಧಿಕಾರಿ ಒಂದು ಡಬ್ಬಿ ಎತ್ತಿ ಹಿಡಿದು, ಇದು ಆಟಿಕೆಯೋ ಮುದ್ರಿತ ಸಾಮಗ್ರಿಯೋ ತಿನಿಸೋ ಎಂದು ಕೇಳಿದರು. ಮೂರೂ ಹೌದು ಎಂದೆ. ಆ ಉತ್ತರಕ್ಕೆ ಸರಕು ಗೋದಾಮಿನಲ್ಲೇ ಉಳಿಯಿತು, ಬಾಡಿಗೆ 6,400 ರೂಪಾಯಿ. ಮಧ್ಯವರ್ತಿಗೆ 3,500.

ಮನೆಗೆ ಬಂದು ಅಟ್ಟದ ಮೇಲೆ ಇಟ್ಟೆ. ಜೂನ್ ಮಳೆ ಹಿಡಿಯಿತು. ಗಮ್ ಮೇಲಿನ ಸಕ್ಕರೆ ತೇವ ಹೀರಿ ಜಿನುಗತೊಡಗಿತು. ಆಮೇಲೆ ಇರುವೆಗಳು ಬಂದವು, ಸಣ್ಣ ಕೆಂಪಿರುವೆಗಳು. ಅಟ್ಟದಿಂದ ಗೋಡೆ ಹಿಡಿದು, ದೇವರಮನೆಯ ಬಾಗಿಲ ಚೌಕಟ್ಟಿನ ಮೇಲಿಂದ, ಅಡುಗೆಮನೆಯ ಕಿಟಕಿಯವರೆಗೆ ಒಂದೇ ಸಾಲು. ಮೇಣದ ಕಾಗದದ ಮಡಿಕೆಯಲ್ಲಿ ಸಾಸಿವೆ ಹೋಗುವಷ್ಟು ಸಂದು ಸಾಕು ಅವಕ್ಕೆ. ಒಳಗೆ ಗಮ್ ಕೊರೆದು, ಜಿನುಗಿದ ಸಕ್ಕರೆ ಅಂಟಿದ್ದ ಕಾರ್ಡಿನ ಮೇಲ್ಪದರವನ್ನೂ ಕೆರೆದಿದ್ದವು. 1987ರ ಬ್ಯಾರಿ ಬಾಂಡ್ಸ್ ಮುಖದ ಅರ್ಧ ಹೋಗಿದೆ, ಮರದ ಗೆರೆಗಳ ಅಂಚು ಮಾತ್ರ ಹಾಗೇ ಇದೆ. ನಮ್ಮ ತಾಯಿಯವರು ಲಕ್ಷ್ಮಣರೇಖೆ ತಂದು ಡಬ್ಬಿಯ ಸುತ್ತ ಗೀಟು ಎಳೆದರು. ಇರುವೆ ಹೋದ ಮೇಲೆ ಬೆಳ್ಳಿಹುಳು ಬಂದವು, ಅವಕ್ಕೆ ಗಮ್ ಬೇಡ, ಕಾಗದವೇ ಸಾಕು.

ಇಷ್ಟಾಗಿಯೂ ತಂದದ್ದಕ್ಕೆ ನನಗೆ ಬೇಸರವಿಲ್ಲ. ಅಲ್ಲೇ ಮಾರಿದ್ದರೆ ಡಬ್ಬಿಗೆ ಹದಿನೈದು ಇಪ್ಪತ್ತು ಡಾಲರ್ ಸಿಗುತ್ತಿತ್ತು. ಆ ವರ್ಷಗಳಲ್ಲಿ ಕಂಪನಿಗಳು ಮಿತಿಯಿಲ್ಲದೆ ಅಚ್ಚು ಹಾಕಿದವು, ಕೊಂಡವರೆಲ್ಲ ಮಕ್ಕಳ ಕಾಲೇಜಿಗೆ ಆಗುತ್ತದೆ ಎಂದು ಕಟ್ಟಿಟ್ಟರು, ಹಾಗಾಗಿ ಯಾವುದೂ ಅಪರೂಪವಾಗಲಿಲ್ಲ. ಚಿಕ್ಕಂದಿನಲ್ಲಿ ಗಾಂಧಿ ಬಜಾರಿನಲ್ಲಿ ಬಿಗ್ ಫನ್ ಬಬಲ್‌ಗಮ್ ಕೊಂಡು ಕ್ರಿಕೆಟಿಗರ ಚಿತ್ರ ಸೇರಿಸುತ್ತಿದ್ದವನು ನಾನು. ಅವು ಒಂದೂ ಉಳಿದಿಲ್ಲ, ಇವಾದರೂ ಉಳಿಯಲಿ.

ಸನ್ನಿವೇಲ್ ಶಾನುಭೋಗ:
ಅಟ್ಟದ ಮೇಲೆ! ಗಾಳಿಯಾಡದ ಪೆಟ್ಟಿಗೆ ಎಂದು ನಾನು ಬರೆದದ್ದನ್ನು ಯಾರೂ ಓದುವುದೇ ಇಲ್ಲವೇ?

ಬಸವನಗುಡಿಗೆ ವಾಪಸ್:
ನೀವು ಬರೆದದ್ದು ಈಗ. ಇರುವೆ ಬಂದದ್ದು ಆಗ.

ಅಟ್ಲಾಂಟಾ ಲೆಕ್ಕಿಗ:
ತೆರಿಗೆಯ ಬಗ್ಗೆ ಒಬ್ಬರೂ ಮಾತೆತ್ತಿಲ್ಲ. ಅಮೆರಿಕದಲ್ಲಿ ಕಾರ್ಡುಗಳು ಸಂಗ್ರಹ ವಸ್ತು. ಒಂದು ವರ್ಷಕ್ಕಿಂತ ಹೆಚ್ಚು ಇಟ್ಟು ಲಾಭಕ್ಕೆ ಮಾರಿದರೆ ತೆರಿಗೆ ಶೇಕಡಾ 28ರವರೆಗೆ ಹೋಗಬಹುದು, ಷೇರಿಗೆ ಇರುವ ರಿಯಾಯಿತಿ ದರ ಇದಕ್ಕೆ ಇಲ್ಲ. ಆನ್‌ಲೈನ್ ಮಾರಾಟದ ಶುಲ್ಕ ಶೇಕಡಾ 13ರ ಆಸುಪಾಸು. ನನ್ನ 1986ರ ಫ್ಲೀರ್ ಬ್ಯಾಸ್ಕೆಟ್‌ಬಾಲ್ ಪ್ಯಾಕ್ ಮಾರಿದಾಗ ಕೈಗೆ ಬಂದದ್ದನ್ನು ನೋಡಿ ಹೆಂಡತಿ ಇದು ಮುಂಗಡವೇ ಎಂದು ಕೇಳಿದಳು. ಮೈಕೆಲ್ ಜೋರ್ಡನ್ ಸೆಟ್ ಅದು, ಅದರಲ್ಲೂ ಗಮ್ ಇತ್ತು, ಮೇಲಿನ ಹಿರಿಯರ ಮಾಹಿತಿಗೆ. 1982ರಿಂದ ಫ್ಲೀರ್‌ನಲ್ಲಿ ಗಮ್ ಇಲ್ಲ ಎಂಬುದು ತಪ್ಪು.

ಫಿಲಡೆಲ್ಫಿಯಾ ಹಿರಿಯ:
ನಾನು ಹೇಳಿದ್ದು ಬೇಸ್‌ಬಾಲ್ ಬಗ್ಗೆ. ಶೀರ್ಷಿಕೆಯಲ್ಲೂ ಬೇಸ್‌ಬಾಲ್ ಎಂದೇ ಇದೆ. ಹಾಕಿ ಬಂತು, ಈಗ ಬ್ಯಾಸ್ಕೆಟ್‌ಬಾಲ್ ಬಂತು, ಮುಂದೆ ಲಗೋರಿ ಬರಲಿ.

ನೇಪರ್‌ವಿಲ್ ಅಮ್ಮ:
ಪಾಪ, ಎಡಿಸನ್‌ನವರು ಕೇಳಿದ್ದಕ್ಕೆ ಉತ್ತರ ಕೊಡಿ ಯಾರಾದರೂ. ಆ 1987ರ ಡಬ್ಬಿಯನ್ನು ಇವತ್ತು ಸಂಜೆಯೇ ಮಗನ ಮುಂದಿಡಿ. ಪ್ಯಾಕ್‌ಗೆ 17 ಕಾರ್ಡ್, 36 ಪ್ಯಾಕ್, ಒಟ್ಟು 612. ಸೆಟ್ ಇರುವುದು 792. ಎಷ್ಟು ಕಡಿಮೆ, ಎಷ್ಟು ಪುನರಾವರ್ತನೆ ಎಂದು ಅವನೇ ಲೆಕ್ಕ ಹಾಕಲಿ. ಗಮ್ ಮಾತ್ರ ಮೊದಲೇ ಎತ್ತಿಡಿ.

ಡೆಟ್ರಾಯಿಟ್ ದಾವಣಗೆರೆ:
ಎತ್ತಿಡುವಾಗ ಗಮ್ ತಾಗಿದ ಕಾರ್ಡನ್ನು ಎಳೆಯಬೇಡಿ. ಅಂಟಿದ್ದರೆ ಮೇಲ್ಪದರ ಕಿತ್ತುಬರುತ್ತದೆ. ಪ್ಯಾಕ್ ಅನ್ನು ಫ್ರೀಜರ್‌ನಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಗಮ್ ತಾನಾಗಿ ಸಿಡಿದು ಬಿಡುತ್ತದೆ.

ಸನ್ನಿವೇಲ್ ಶಾನುಭೋಗ:
ಫ್ರೀಜರ್‌ನಲ್ಲಿಟ್ಟು ಹೊರತೆಗೆದರೆ ಕಾಗದದ ಮೇಲೆ ನೀರು ಕಟ್ಟುತ್ತದೆ. ಬಾಯಿಗೆ ಬಂದದ್ದನ್ನೆಲ್ಲ ಸಲಹೆ ಎಂದು ಕೊಡಬೇಡಿ.

ಡೆಟ್ರಾಯಿಟ್ ದಾವಣಗೆರೆ:
ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತೆಗೆದು ಇಡಬೇಕು, ಹೊರತೆಗೆದ ಮೇಲೂ ತಣ್ಣಗಿರುವವರೆಗೆ ಚೀಲ ಬಿಚ್ಚಬಾರದು. ಇಷ್ಟೂ ಗೊತ್ತಿಲ್ಲದವರು 402 ಡಾಲರ್ 70 ಸೆಂಟ್ ಕೊಟ್ಟು ಇಸ್ತ್ರಿ ಮಾಡಿದ ಕಾಗದ ಕೊಂಡದ್ದರಲ್ಲಿ ಆಶ್ಚರ್ಯವಿಲ್ಲ.

ಸನ್ನಿವೇಲ್ ಶಾನುಭೋಗ:
ನನಗೆ ಮೋಸವಾಯಿತು. ನಾನು ಮೋಸ ಮಾಡಲಿಲ್ಲ. ಆ ವ್ಯತ್ಯಾಸ ನ್ಯಾಫ್ತಾ ಬಾಟಲಿ ಹಿಡಿದವರಿಗೆ ಗೊತ್ತಾಗುವುದಿಲ್ಲ. 2021ರ ಕೊನೆಯಲ್ಲಿ ಯೂಟ್ಯೂಬರ್ ಲೋಗನ್ ಪಾಲ್ 35 ಲಕ್ಷ ಡಾಲರ್ ಕೊಟ್ಟು ಕೊಂಡ ಪೋಕೆಮಾನ್ ಪೆಟ್ಟಿಗೆಯೊಳಗೆ ಇದ್ದದ್ದು ಜಿ.ಐ. ಜೋ ಕಾರ್ಡ್. ಅದನ್ನು ಪ್ರಮಾಣೀಕರಿಸಿದವರೂ ಇದ್ದರು. ಅಂಥವರಿಗೇ ಆದದ್ದು ನನಗೆ ಆಯಿತು.

ಟೊರಾಂಟೊ ತಿಪಟೂರು:
ಪ್ರಮಾಣಪತ್ರ ಬಂದ ಪೆಟ್ಟಿಗೆಯೇ ಹಾಗಾದ ಮೇಲೆ ಮೇಣದ ಕಾಗದ ನಂಬುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಒಡೆದು ನೋಡಿದ ಕಾರ್ಡೊಂದೇ ನಿಜ. ಅದೂ ಒರಟು ಅಂಚಿನದು.

ಎಡಿಸನ್ ಶಿವಮೊಗ್ಗ:
1987ರ ಡಬ್ಬಿಯನ್ನು ಮಗನಿಗೆ ಕೊಡುವುದೆಂದು ಮನೆಯಲ್ಲಿ ತೀರ್ಮಾನವಾಯಿತು. 1980ರ ಪ್ಯಾಕ್‌ಗಳನ್ನು ಬೆಳಕಿನ ಕೆಳಗೆ ನೋಡಿದೆ. ಶಾನುಭೋಗರು ಹೇಳಿದಂತೆ ಹಿಂಬದಿಯ ಮಡಿಕೆಯಲ್ಲಿ ಮೇಣ ಒಂದು ಪ್ಯಾಕ್‌ನಲ್ಲಿ ಮಾತ್ರ ಅಗಲವಾಗಿ ಹರಡಿದೆ. ಉಳಿದ ನಾಲ್ಕರಲ್ಲಿ ಸಣ್ಣದಾಗಿ, ಒಂದೇ ರೀತಿ ಇದೆ. ಹೆಂಡರ್ಸನ್ ಕಾರ್ಡ್ ಗಮ್ ಪಕ್ಕ ಇರುವ ಸಾಧ್ಯತೆ ಎಷ್ಟು?

ಫಿಲಡೆಲ್ಫಿಯಾ ಹಿರಿಯ:
482ನೇ ಕಾರ್ಡ್. ಆ ವರ್ಷದ ಸೆಟ್ 726. ಪ್ಯಾಕ್‌ಗೆ 15 ಕಾರ್ಡ್. ಐದು ಪ್ಯಾಕ್ ಸೇರಿ ಹೆಂಡರ್ಸನ್ ಸಿಗುವ ಸಂಭವವೇ ಹತ್ತರಲ್ಲಿ ಒಂದು. ಸಿಕ್ಕರೂ ಗಮ್‌ಗೆ ತಾಗಿರುವ ಸಂಭವ ಅದರ ಹದಿನೈದನೇ ಒಂದು ಭಾಗ. ಡೆಟ್ರಾಯಿಟ್‌ನವರ ಅದೃಷ್ಟ ಇರುವವರಿಗೆ ಮಾತ್ರ ಹಾಗಾಗುತ್ತದೆ.

ನೇಪರ್‌ವಿಲ್ ಅಮ್ಮ:
ಶಾನುಭೋಗರೇ, ನಿಮ್ಮ ಆ ತಿರಸ್ಕೃತ ಪ್ಯಾಕ್ ಎರಡನ್ನು ನಮಗೆ ಕಳುಹಿಸಿ. ಅಂಚೆ ನಾನೇ ಕೊಡುತ್ತೇನೆ. ಹೇಗೂ ಅವಕ್ಕೆ ಬೆಲೆಯಿಲ್ಲ, ನಮ್ಮ ಹುಡುಗರಾದರೂ ಒಡೆಯಲಿ.

ಸನ್ನಿವೇಲ್ ಶಾನುಭೋಗ:
ಸಾಧ್ಯವಿಲ್ಲ. ಅವು ಸಾಕ್ಷ್ಯ.

ಡೆಟ್ರಾಯಿಟ್ ದಾವಣಗೆರೆ:
ಒಂದು ವೇಳೆ ಕಳುಹಿಸಿದರೆ ಗಮ್ ತಾಗಿದ ಕಾರ್ಡ್ ಎರಡೂ ನನಗೆ ಬೇಕು. ತಲಾ ಎರಡು ಡಾಲರ್ ಕೊಡುತ್ತೇನೆ.